ಸಂತೆ, ಬೀದಿ, ಬಸದಿ: ಸಂತೆಮರಹಳ್ಳಿ ಸೀಮೆಯ ಊರುಗಳ ವಿನ್ಯಾಸವನ್ನು ಕುರಿತು

ಭಗವಜ್ಜಿನಸೇನಾಚಾರ್ಯರು ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಆದಿಪುರಾಣದ ಹದಿನಾರನೆಯ ಪರ್ವದಲ್ಲಿ ಒಂದು ಪ್ರಸಂಗವುಂಟು. ಕಲ್ಪವೃಕ್ಷಗಳು ಕ್ಷೀಣಿಸಿ, ಪ್ರಜೆಗಳು ಬದುಕುವ ಬಗೆ ಕಾಣದೆ ವೃಷಭಸ್ವಾಮಿಯ ಬಳಿಗೆ ಬರುತ್ತಾರೆ. ಸ್ವಾಮಿಯು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದನೆಂಬುದನ್ನು ನಮ್ಮ ಶ್ರಾವಕರಲ್ಲಿ ಬಲ್ಲದವರು ವಿರಳ. ಆದರೆ ಅದೇ ಪ್ರಸಂಗದಲ್ಲಿ ಬರುವ ಇನ್ನೊಂದು ಕಾರ್ಯದ ಕಡೆಗೆ ನಮ್ಮ ಲಕ್ಷ್ಯ ಅಷ್ಟಾಗಿ ಹೋಗಿಲ್ಲ. ಸ್ವಾಮಿಯು ಸ್ಮರಿಸಿದೊಡನೆ ಇಂದ್ರನು ಬಂದು, ಮೊದಲು ಅಯೋಧ್ಯೆಯ ನಡುವೆಯೂ ನಾಲ್ಕು ದಿಕ್ಕುಗಳಲ್ಲಿಯೂ ಜಿನಮಂದಿರಗಳನ್ನು ನಿರ್ಮಿಸಿ, ಅನಂತರ ದೇಶಗಳನ್ನು, ಗ್ರಾಮಗಳನ್ನು, ಪುರಗಳನ್ನು ವಿಭಾಗಿಸಿದನು. ಅಂದರೆ ಬೇಸಾಯ ವ್ಯಾಪಾರಗಳನ್ನು ಕಲಿಸಿದ ಆ ಪರ್ವದಲ್ಲಿಯೇ ಜನರಿಗೆ ಊರು ಕಟ್ಟುವ ಕ್ರಮವೂ ದೊರೆಯಿತು.

ಆಚಾರ್ಯರು ಅಲ್ಲಿ ಕೊಡುವ ಲಕ್ಷಣಗಳು ಕೇವಲ ಕಾವ್ಯಾಲಂಕಾರವಲ್ಲ. ಬೇಲಿಯಿಂದ ಸುತ್ತುವರಿದ ಮನೆಗಳುಳ್ಳದ್ದು, ತೋಟ ಕೆರೆಗಳುಳ್ಳದ್ದು ಗ್ರಾಮ. ನೂರು ಮನೆಗಳಿದ್ದರೆ ಅದು ಸಣ್ಣ ಗ್ರಾಮ, ಐನೂರಿದ್ದರೆ ದೊಡ್ಡದು. ನದಿ, ಬೆಟ್ಟ, ಗುಹೆ, ಹಾಲುಮರ, ಮುಳ್ಳುಮರ, ಸೇತುವೆ ಮೊದಲಾದವು ಅದರ ಎಲ್ಲೆಯ ಗುರುತುಗಳು. ಕೋಟೆ, ಕಂದಕ, ಹೆಬ್ಬಾಗಿಲು, ಉದ್ಯಾನಗಳಿದ್ದರೆ ಅದು ಪುರ. ನದಿಯೂ ಬೆಟ್ಟವೂ ಸುತ್ತಿದ್ದು ಖೇಟ; ಬೆಟ್ಟಗಳೇ ಸುತ್ತಿದ್ದು ಖರ್ವಟ; ಹಡಗುಗಳು ಬಂದು ಸೇರುವ ಕಡಲತಡಿಯದು ಪತ್ತನ; ಹೊಳೆಯ ದಡದಲ್ಲಿರುವುದು ದ್ರೋಣಮುಖ. ಇವುಗಳ ಜೊತೆಗೆ ಹತ್ತು ಹಳ್ಳಿಗಳ ನಡುವಣ ದೊಡ್ಡ ಹಳ್ಳಿಗೆ 'ಸಂಗ್ರಹ'ವೆಂಬ ಹೆಸರನ್ನು ಆಚಾರ್ಯರು ಹೇಳುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಎಂಟುನೂರು ಹಳ್ಳಿಗೊಂದು ಸ್ಥಾನೀಯ, ನಾನೂರಕ್ಕೊಂದು ದ್ರೋಣಮುಖ, ಇನ್ನೂರಕ್ಕೊಂದು ಖಾರ್ವಟಿಕ, ಹತ್ತಕ್ಕೊಂದು ಸಂಗ್ರಹಣವೆಂಬ ವಿಭಾಗವಿದೆ. ರಾಜನೀತಿಯ ಗ್ರಂಥವೂ ಧರ್ಮಕಥೆಯ ಗ್ರಂಥವೂ ಈ ವಿಷಯದಲ್ಲಿ ಒಂದೇ ಮಾತನ್ನಾಡುವುದು ಗಮನಾರ್ಹ.

ನಮ್ಮ ಸಂತೆಮರಹಳ್ಳಿಯನ್ನು ನೋಡಿದಾಗ ಈ 'ಸಂಗ್ರಹ' ಎಂಬ ಶಬ್ದವೇ ನೆನಪಿಗೆ ಬರುತ್ತದೆ. ಒಂದು ಕಡೆಗೆ ಚಾಮರಾಜನಗರದ ಹಾದಿ, ಮತ್ತೊಂದು ಕಡೆಗೆ ಯಳಂದೂರು ಕೊಳ್ಳೇಗಾಲಗಳ ಹಾದಿ, ಮೂಗೂರಿನ ಮೇಲೆ ತಿರುಮಕೂಡಲು ನರಸೀಪುರಕ್ಕೆ ಹೋಗುವ ಹಾದಿ, ಕವಲಂದೆಯ ಮೇಲೆ ನಂಜನಗೂಡಿಗೆ ಹೋಗುವ ಹಾದಿ. ಇವೆಲ್ಲ ಬಂದು ಕೂಡುವ ಸ್ಥಳವಿದು. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಇಲ್ಲಿ ಅರಮನೆಯಿರಲಿಲ್ಲ, ರಾಜಧಾನಿಯಿರಲಿಲ್ಲ. ಸಂತೆಯು ಊರಿನ ಹೆಸರಿನಲ್ಲಿಯೇ ಸೇರಿಕೊಂಡಿದೆ. ಊರಿಗೆ ಹೆಸರು ಕೊಟ್ಟದ್ದು ದೇವರೂ ಅಲ್ಲ, ದೊರೆಯೂ ಅಲ್ಲ, ವಾರಕ್ಕೊಮ್ಮೆ ಕೂಡುವ ಜನ. ಸರ್ಕಾರದ ರೇಷ್ಮೆ ಕಾರ್ಖಾನೆಯೊಂದು ಇಲ್ಲಿ ನೆಲೆಗೊಂಡದ್ದೂ ಸುತ್ತಣ ಹಳ್ಳಿಗಳ ಉತ್ಪನ್ನ ಇಲ್ಲಿಗೆ ಬಂದು ಸೇರುವ ಇದೇ ಅನುಕೂಲದಿಂದ ಎನ್ನಬಹುದು. 2004ರ ಚುನಾವಣೆಯಲ್ಲಿ ಒಂದೇ ಒಂದು ಮತದ ಅಂತರದಿಂದ ಫಲಿತಾಂಶ ನಿರ್ಣಯವಾದ ವಿಧಾನಸಭಾ ಕ್ಷೇತ್ರವೆಂದು ಇದರ ಹೆಸರು ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು; 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ನಕ್ಷೆಯ ಗೆರೆಗಳು ಅಳಿಸಿಹೋದರೂ ನಾಲ್ಕು ದಾರಿಗಳ ಕೂಟ ಅಳಿಯುವುದಿಲ್ಲ.

ಸಂತೆಯ ಮಾಳವೆಂಬುದು ವಿಚಿತ್ರವಾದ ಸ್ಥಳ. ಆರು ದಿನ ಅದು ಬರಿಯ ಬಯಲು, ಏಳನೆಯ ದಿನ ಪಟ್ಟಣ. ಅಲ್ಲಿ ಕಟ್ಟಡವಿಲ್ಲದೆಯೇ ಬೀದಿಗಳು ಏಳುತ್ತವೆ. ಸೊಪ್ಪಿನವರ ಸಾಲು, ಮೆಣಸಿನಕಾಯಿಯವರ ಸಾಲು, ಮಡಕೆಯವರ ಸಾಲು, ದನಗಳ ತಾಣ ಇವು ಯಾವ ಅಧಿಕಾರಿಯೂ ಗೆರೆ ಎಳೆಯದಿದ್ದರೂ ವಾರವಾರವೂ ಅದೇ ಜಾಗದಲ್ಲಿ ನಿಲ್ಲುತ್ತವೆ. ನೆರಳಿಗೊಂದು ಮರ, ಕುಡಿಯಲು ನೀರು, ಗಾಡಿ ಬಿಡಲು ಅಗಲ, ಇವಿಷ್ಟೇ ಅದರ ವಾಸ್ತುಶಾಸ್ತ್ರ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ ಎಂದು ಸರಕಿನ ಹೆಸರಿನಲ್ಲಿಯೇ ಬೀದಿಗಳಿವೆಯಲ್ಲವೆ? ಸಂತೆಯ ಸಾಲುಗಳು ಅಲ್ಲಿ ಮಣ್ಣು ಕಲ್ಲುಗಳಲ್ಲಿ ನೆಲೆನಿಂತವೆಂದು ತಿಳಿದರೆ ತಪ್ಪಾಗದು.

ಹೀಗೆ ವಾಣಿಜ್ಯದಿಂದ ಬೆಳೆದ ಊರುಗಳಿಗೂ ಜೈನಧರ್ಮಕ್ಕೂ ಇದ್ದ ಸಂಬಂಧ ಪ್ರಾಚೀನವಾದದ್ದು. ಕ್ರಿ.ಶ. 1062ರಲ್ಲಿ ಹೊಂಬುಜದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಜಿನಾಲಯವನ್ನು ಕಟ್ಟಿಸಿದನು. ಪಟ್ಟಣಸ್ವಾಮಿಯೆಂದರೆ ಪೇಟೆಯ ವರ್ತಕರ ಮುಖಂಡ, ಊರ ಯೋಗಕ್ಷೇಮವನ್ನು ಹೊತ್ತವನು. ಅವನು ಬಸದಿಯನ್ನು ಮಾತ್ರ ಕಟ್ಟಿಸಿ ಸುಮ್ಮನಾಗಲಿಲ್ಲ, ಕೆರೆಗಳನ್ನೂ ಕಟ್ಟಿಸಿದನು. ಜಿನಾಲಯವೂ ಕೆರೆಯೂ ಒಂದೇ ಕೈಯಿಂದ ಬಂದುವೆಂಬುದನ್ನು ಮರೆಯಬಾರದು.

ಇನ್ನು ನಮ್ಮ ಸೀಮೆಯ ಮುಖ್ಯ ಪಟ್ಟಣವಾದ ಚಾಮರಾಜನಗರವನ್ನು ನೋಡೋಣ. ಇದರ ಹಳೆಯ ಹೆಸರು ಅರಿಕುಠಾರ. ಶಾಸನದಲ್ಲಿ ಎಣ್ಣೆನಾಡಿನ ಅರಕೊಟ್ಟಾರವೆಂದು ಕಾಣುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಕ್ರಿ.ಶ. 1117ರಲ್ಲಿ ಇಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದನೆಂದು ಪಾರ್ಶ್ವನಾಥ ಬಸದಿಯ ಶಾಸನ ಸಾರುತ್ತದೆ. ತಲಕಾಡು ಚೋಳರ ಕೈಯಿಂದ ಬಿಡುಗಡೆಯಾದ ಹೊಸತು ಆ ಕಾಲ. ಪುಣಿಸನು ತೊದವರನ್ನು ಬೆದರಿಸಿ ನೀಲಗಿರಿಯನ್ನೇರಿದ ಪರಾಕ್ರಮವನ್ನು ಶಾಸನ ವರ್ಣಿಸುತ್ತದೆ. ನೀಲಗಿರಿಯ ತೊದವರ ಹೆಸರು ಬರಹದಲ್ಲಿ ದೊರೆಯುವ ಅತಿ ಪ್ರಾಚೀನ ಉಲ್ಲೇಖವೆಂದು ಇತಿಹಾಸಜ್ಞರು ಈ ಶಿಲೆಯನ್ನು ಮನ್ನಿಸುತ್ತಾರೆ. ಆದರೆ ನನ್ನ ಮಟ್ಟಿಗೆ ಆ ಶಾಸನದ ಹಿರಿಮೆ ಯುದ್ಧವರ್ಣನೆಯಲ್ಲಿಲ್ಲ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡ ಬೇಡರ ಮುಖಂಡನಿಗೆ, ಅವರವರು ಕಳೆದುಕೊಂಡದ್ದನ್ನು ಪುಣಿಸನು ಕೊಟ್ಟು ಪೊರೆದನೆಂದು ಅದು ಹೇಳುತ್ತದೆ. ಯುದ್ಧದಿಂದ ನೊಂದ ಸೀಮೆಯೊಂದನ್ನು ಮರಳಿ ನಿಲ್ಲಿಸುವ ಕ್ರಮವಿದು. ಅಂಗಡಿ, ಹೊಲ, ಕಾಡು ಮೂರೂ ಒಂದೇ ವಾಕ್ಯದಲ್ಲಿ ಬಂದಿವೆ. ಗಂಗವಾಡಿಯ ಬಸದಿಗಳನ್ನು ಗಂಗರ ಕಾಲದಲ್ಲಿದ್ದಂತೆ ಅಲಂಕರಿಸಿದ ಕೀರ್ತಿಯೂ ಅವನದು. ಮೂರು ಗರ್ಭಗೃಹಗಳ ಆ ಬಸದಿಯು ಎದ್ದಾಗ, ಅರಕೊಟ್ಟಾರದ ವ್ಯಾಪಾರಿಯೂ ಒಕ್ಕಲಿಗನೂ ಅದನ್ನು ತಮ್ಮ ಊರು ಮತ್ತೆ ಉಸಿರಾಡಿತೆಂಬುದರ ಗುರುತಾಗಿ ಕಂಡಿರಬೇಕು.

ಊರಿನ ನಡುವೆ, ಜನ ತಿರುಗಾಡುವ ಕಡೆ ಜಿನಾಲಯವಿರಬೇಕೆಂಬುದು ನಮ್ಮ ಹಿರಿಯರ ಅಭಿಪ್ರಾಯವಾಗಿತ್ತೆಂಬುದಕ್ಕೆ ವಿಜಯನಗರವೇ ಸಾಕ್ಷಿ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಕ್ರಿ.ಶ. 1386ರಲ್ಲಿ ಅಲ್ಲಿ ಕುಂಥುಜಿನಾಲಯವನ್ನು ಕಟ್ಟಿಸಿದನು. ಇಂದು ಅದನ್ನು ಜನ ಗಾಣಗಿತ್ತಿ ಗುಡಿಯೆನ್ನುತ್ತಾರೆ; ದಂಡನಾಯಕನ ಹೆಸರು ಮರೆತು ಎಣ್ಣೆ ಮಾರುವವಳ ಹೆಸರು ಉಳಿದದ್ದು ಬೀದಿಯ ಬಲವೆನ್ನಬೇಕು. ಕ್ರಿ.ಶ. 1426ರಲ್ಲಿ ಎರಡನೆಯ ದೇವರಾಯನು ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ್ದು ಪಾನ್‌ಸುಪಾರಿ ಬಜಾರಿನಲ್ಲಿ. ಅಡಕೆ ವೀಳ್ಯದೆಲೆಗಳ ಅಂಗಡಿಬೀದಿಯೆಂದೇ ಶಾಸನ ಆ ಸ್ಥಳವನ್ನು ನಿರ್ದೇಶಿಸುತ್ತದೆ. ಚಕ್ರವರ್ತಿಯೊಬ್ಬನಿಗೆ ಏಕಾಂತವಾದ ಗುಡ್ಡವೊಂದು ದೊರೆಯದೆ ಇರಲಿಲ್ಲ. ಅವನು ಆರಿಸಿಕೊಂಡದ್ದು ಜನರ ಸದ್ದುಗದ್ದಲವಿರುವ ಪೇಟೆಬೀದಿಯನ್ನು.

ಬೀದಿಯಲ್ಲಿ ಇರುವುದೆಂದರೆ ಇತರರೊಡನೆ ಇರುವುದು. ಅದು ಯಾವಾಗಲೂ ಸುಗಮವಾಗಿರಲಿಲ್ಲವೆಂಬುದನ್ನು ಇತಿಹಾಸಕಾರನು ಮುಚ್ಚಿಡಬಾರದು. ಕ್ರಿ.ಶ. 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನವನ್ನು ಮತಸಹಿಷ್ಣುತೆಯ ದಾಖಲೆಯೆಂದು ನಾವು ವೇದಿಕೆಗಳ ಮೇಲೆ ಹೊಗಳುತ್ತೇವೆ. ಅದನ್ನು ಊರಿನ ದೃಷ್ಟಿಯಿಂದ ಓದಿದವರು ಕಡಿಮೆ. ಅರಸನ ಬಳಿಗೆ ದೂರು ಒಯ್ದ ಭವ್ಯರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳವರು. ವಿವಾದದಲ್ಲಿ ನಿರ್ಣಯವಾದದ್ದು ಪಂಚಮಹಾವಾದ್ಯಗಳ ಮತ್ತು ಕಲಶದ ಹಕ್ಕು, ಎಂದರೆ ವಾದ್ಯದೊಡನೆ ಕಲಶ ಹೊತ್ತು ಮೆರವಣಿಗೆ ನಡೆಯುವ ಹಕ್ಕು. ತತ್ತ್ವಸಿದ್ಧಾಂತವನ್ನು ಕುರಿತ ವಾದವಲ್ಲ ಅದು; ಬೀದಿ ಯಾರದೆಂಬ ಪ್ರಶ್ನೆ. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಇಬ್ಬರಲ್ಲಿ ಭೇದವಿಲ್ಲವೆಂದು ಕಟ್ಟು ಮಾಡಿದನು. ಮುಂದಿನ ವ್ಯವಸ್ಥೆ ಇನ್ನೂ ಸ್ವಾರಸ್ಯವಾದದ್ದು. ಜೈನರ ಮನೆಮನೆಗೂ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕ ಹೊನ್ನಿನಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಕಾವಲಿನ ಹೊಣೆ ವೈಷ್ಣವನದು, ಕಂದಾಯ ಜೈನನದು. ಇದರ ಪ್ರತಿಯೊಂದು ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದೆ. ಜೈನರು ಈ ವ್ಯವಸ್ಥೆಯಿಂದ ಬೀದಿಯಲ್ಲಿ ತಮ್ಮ ಪಾಲನ್ನು ಉಳಿಸಿಕೊಂಡರು. ಆದರೆ ಅದಕ್ಕೆ ಅರಸನ ಆಶ್ರಯ ಬೇಕಾಯಿತೆಂಬುದೂ ಸ್ಪಷ್ಟ.

ಮರಳಿ ನಮ್ಮ ಸೀಮೆಗೆ ಬರುವ. ಹದಿನಾರನೆಯ ಶತಮಾನದ ಆರಂಭದಲ್ಲಿ ಉಮ್ಮತ್ತೂರಿನ ಪಾಳೆಯಗಾರರನ್ನು ಕೃಷ್ಣದೇವರಾಯನು ಸೋಲಿಸಿದ ಬಳಿಕ ಇಲ್ಲಿನ ಅಧಿಕಾರಸ್ಥಾನಗಳು ಒಂದೊಂದಾಗಿ ಸ್ಥಳಾಂತರವಾದವು. ಯಳಂದೂರು ಹದಿನಾಡಿನ ಪ್ರಭುಗಳ ನೆಲೆಯಾಯಿತು. ಅಲ್ಲಿನ ಗೌರೀಶ್ವರ ದೇವಾಲಯದ ಬಳೆಮಂಟಪದ ಶಿಲ್ಪವನ್ನು ನೋಡದವರು ಹೋಗಿ ನೋಡಬೇಕು. ಅದೇ ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತನು ಚಿಕ್ಕದೇವರಾಜ ಒಡೆಯರ ಬಾಲ್ಯದ ಒಡನಾಡಿಯಾಗಿ, 1673ರಲ್ಲಿ ಅವರು ಪಟ್ಟಕ್ಕೆ ಬಂದಾಗ ಪ್ರಧಾನಿಯಾಗಿ, 1686ರಲ್ಲಿ ಹಂತಕರಿಗೆ ಬಲಿಯಾಗುವವರೆಗೆ ರಾಜ್ಯಭಾರ ನಡೆಸಿದನು. ಚಿಕ್ಕದೇವರಾಜರು ಗುಂಡ್ಲುಪೇಟೆಯಲ್ಲಿ ತಮ್ಮ ತಂದೆಯ ನೆನಪಿಗೆ ಪರವಾಸುದೇವ ದೇವಾಲಯವನ್ನೂ ಅಗ್ರಹಾರವನ್ನೂ ಸ್ಥಾಪಿಸಿದರು. ವಿಜಯಪುರವೆಂಬ ಹಳೆಯ ಊರು ಹೊಸ ರೂಪ ಪಡೆಯಿತು. ಆದರೆ ಅರಸರು ಅಷ್ಟು ಪ್ರೀತಿಯಿಂದ ಕಟ್ಟಿಸಿದ ಆ ದೇವಾಲಯದ ಮೂರ್ತಿಯನ್ನು ಮುಂದೆ ಊರೊಳಕ್ಕೆ ತರಬೇಕಾಯಿತು, ಕಟ್ಟಡ ಬಹುಕಾಲ ಬರಿದಾಗಿ ನಿಂತಿತು. ಜನ ಬಾರದ ಕಡೆ ದೇವರನ್ನು ನಿಲ್ಲಿಸುವುದು ಅರಸರಿಗೂ ಸಾಧ್ಯವಾಗಲಿಲ್ಲ. ಶ್ರವಣಬೆಳಗೊಳದಲ್ಲಿ ಅದೇ ಅರಸರು ಕಟ್ಟಿಸಿದ ಕಲ್ಯಾಣಿಯಾದರೋ ಎರಡು ಬೆಟ್ಟಗಳ ನಡುವೆ ಊರಿನ ಹೃದಯದಲ್ಲಿಯೇ ಇರುವುದರಿಂದ ಇಂದಿಗೂ ಊರಿಗೆ ಶೋಭೆಯಾಗಿದೆ.

ಅರಿಕುಠಾರದ ಸ್ವರೂಪವನ್ನು ಪೂರ್ಣವಾಗಿ ಬದಲಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ತಂದೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಈ ಊರಿನಲ್ಲಿ ಹುಟ್ಟಿದವರು. ಪಿತೃಭಕ್ತಿಯಿಂದ ಒಡೆಯರು 1818ರಲ್ಲಿ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆಯ ಹೆಸರಿನ ಲಿಂಗ, ತಾಯಿಯ ಹೆಸರಿನ ಕೆಂಪನಂಜಾಂಬಾ ದೇವಿ, ಕುಲದೇವತೆ ಚಾಮುಂಡೇಶ್ವರಿ ಅಲ್ಲಿ ನೆಲೆಸಿದ್ದಾರೆ. ತಂದೆ ಹುಟ್ಟಿದ ಸ್ಥಳದಲ್ಲಿ ಜನನಮಂಟಪವೂ ಎದ್ದಿತು. ಊರೊಂದು ಒಂದು ಕುಟುಂಬದ ಸ್ಮಾರಕವಾಗಿ ಮತ್ತೆ ಹುಟ್ಟಿದ ಅಪೂರ್ವ ನಿದರ್ಶನವಿದು. 'ಊರು' ಹೋಗಿ 'ನಗರ' ಬಂದಿತು.

ಈ ಬದಲಾವಣೆಯಲ್ಲಿ ಊರಿನ ಕೇಂದ್ರವು ಸರಿದುಹೋಯಿತೆಂಬುದು ನನ್ನ ಅಭಿಪ್ರಾಯ. ಏಳುನೂರು ವರ್ಷಗಳಿಂದ ಇದ್ದ ಬಸದಿಯು ಇದ್ದಲ್ಲಿಯೇ ಇದ್ದಿತು. ಆದರೆ ತೇರಿನ ಬೀದಿಯು ಹೊಸ ದೇವಾಲಯದ ಮುಂದೆ ಏರ್ಪಟ್ಟು, ಜನಸಂಚಾರವೆಲ್ಲ ಅತ್ತ ತಿರುಗಿತು. ಇದರಲ್ಲಿ ದ್ವೇಷವನ್ನು ಹುಡುಕಬೇಕಾಗಿಲ್ಲ. ಇದೇ ಸೀಮೆಯ ಮಲೆಯೂರು ಕನಕಗಿರಿಯ ದೇವಚಂದ್ರನು ರಾಜಾವಳೀಕಥೆಯನ್ನು ಬರೆದದ್ದು ಆ ಒಡೆಯರ ಅರಮನೆಯ ಪೋಷಣೆಯ ಕಾಲದಲ್ಲಿಯೇ. ಬೀದಿ ತಿರುಗಿದಾಗ ಎಲ್ಲವೂ ಅದರೊಡನೆ ತಿರುಗುತ್ತದೆ, ಅಷ್ಟೇ. ಬೀದಿಯ ಬದುಕು ಎಷ್ಟು ಸೂಕ್ಷ್ಮವಾದದ್ದೆಂಬುದು ಇತ್ತೀಚೆಗೆ ಚಾಮರಾಜೇಶ್ವರನ ತೇರಿನ ವಿಷಯದಲ್ಲಿಯೇ ಕಂಡಿತು. ಆಷಾಢದಲ್ಲಿ ನಡೆಯುವ ಈ ರಥೋತ್ಸವಕ್ಕೆ ನವದಂಪತಿಗಳು ಬಂದು ಹಣ್ಣುಜವನ ಎಸೆಯುವುದು ಪ್ರಸಿದ್ಧ. 2017ರಲ್ಲಿ ರಥವು ಬೆಂಕಿಗೆ ಆಹುತಿಯಾಗಿ, ಹೊಸ ರಥ ಸಿದ್ಧವಾಗಿ 2022ರಲ್ಲಿ ಎಳೆಯುವವರೆಗೆ ಉತ್ಸವ ನಿಂತುಹೋಗಿತ್ತು. ಆ ವರ್ಷಗಳಲ್ಲಿಯೂ ಬೀದಿಯ ಅಗಲ ಅಷ್ಟೇ ಇತ್ತು, ಅಂಗಡಿಗಳು ತೆರೆದೇ ಇದ್ದವು. ಆದರೂ ಅದು ತೇರಿನ ಬೀದಿಯಾಗಿರಲಿಲ್ಲ.

ಇಲ್ಲಿ ನಮ್ಮ ಪಂಚಕಲ್ಯಾಣ ವಿಧಿಯ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ. ಪ್ರತಿಷ್ಠಾ ಮಹೋತ್ಸವದ ಐದು ದಿನಗಳಲ್ಲಿ ನಾವು ಮಾಡುವುದಾದರೂ ಏನು? ಮಂಟಪವೊಂದಕ್ಕೆ ಅಯೋಧ್ಯೆಯೆಂದೋ ವಾರಾಣಸಿಯೆಂದೋ ಹೆಸರಿಟ್ಟು ಅಲ್ಲಿ ಅರಮನೆಯನ್ನು ಕಲ್ಪಿಸುತ್ತೇವೆ. ಜನ್ಮಕಲ್ಯಾಣದಂದು ಬಾಲಜಿನನನ್ನು ಆನೆಯ ಮೇಲೆ ಬೀದಿಬೀದಿಯಲ್ಲಿ ಮೆರೆಸಿ ಊರ ಹೊರಗಣ ಪಾಂಡುಕಶಿಲೆಗೆ ಒಯ್ಯುತ್ತೇವೆ. ಆ ಬಯಲೇ ಮೇರುಪರ್ವತ. ದೀಕ್ಷಾಕಲ್ಯಾಣಕ್ಕೆ ತೋಪೊಂದನ್ನು ದೀಕ್ಷಾವನವೆನ್ನುತ್ತೇವೆ. ಆಹಾರದಾನಕ್ಕಾಗಿ ಮತ್ತೆ ಮನೆಯ ಬಾಗಿಲಿಗೆ ಬರುತ್ತೇವೆ. ಕೇವಲಜ್ಞಾನಕ್ಕೆ ಸಮವಸರಣ ಏಳುತ್ತದೆ. ಅರಮನೆ, ರಾಜಬೀದಿ, ಹೊರಬಯಲು, ಉಪವನ, ಗೃಹಸ್ಥನ ಹೊಸ್ತಿಲು, ಮಹಾಸಭೆ ಹೀಗೆ ಒಂದು ನಗರದ ಸಮಸ್ತ ಅಂಗಗಳೂ ಐದು ದಿನಗಳಲ್ಲಿ ನಮ್ಮ ಊರಿನ ಮೇಲೆಯೇ ಹಾಸಿಕೊಳ್ಳುತ್ತವೆ. ಆರನೆಯ ದಿನ ಚಪ್ಪರ ಬಿಚ್ಚುತ್ತಾರೆ. ಸಂತೆಯ ಮಾಳದಂತೆಯೇ ಇದೂ ಕಟ್ಟಡವಿಲ್ಲದ ಪಟ್ಟಣ.

ಸಮವಸರಣದ ರಚನೆಯನ್ನು ಆದಿಪುರಾಣದಲ್ಲಿ ಓದಿದವರಿಗೆ ಅದರ ನಗರಲಕ್ಷಣ ಕೂಡಲೇ ಹೊಳೆಯುತ್ತದೆ. ಧೂಳೀಸಾಲವೆಂಬ ಹೊರಕೋಟೆ, ನಾಲ್ಕು ದಿಕ್ಕಿನ ನಾಲ್ಕು ಮಹಾವೀಥಿಗಳು, ದೂರದಿಂದಲೇ ಕಂಡು ಅಹಂಕಾರವನ್ನು ಇಳಿಸುವ ಮಾನಸ್ತಂಭಗಳು, ನೀರಿನ ಖಾತಿಕೆ, ಹೂವಿನ ಬನ, ನಾಟ್ಯಶಾಲೆ, ಕೊನೆಗೆ ನಡುವಣ ಗಂಧಕುಟಿಯ ಸುತ್ತ ಹನ್ನೆರಡು ಕೋಷ್ಠಗಳು. ಅವುಗಳಲ್ಲೊಂದು ಪಶುಪಕ್ಷಿಗಳಿಗೆ ಮೀಸಲು. ಮೃಗಗಳಿಗೂ ಆಸನವಿಟ್ಟ ಸಭಾನಿವೇಶವನ್ನು ಇಷ್ಟು ವಿವರವಾಗಿ ಬೇರೆಲ್ಲಿ ಕಂಡೇವು? ಬಸದಿಯ ಮುಂದಣ ಮಾನಸ್ತಂಭವು ಈ ಮಹಾವಿನ್ಯಾಸದಿಂದಲೇ ನಮ್ಮ ಊರುಗಳಿಗೆ ಇಳಿದುಬಂದದ್ದು. ಅದರ ಕೆಲಸ ಕಾಣಿಸುವುದು. ಹಾದಿಹೋಕನಿಗೆ ಅದು ಬಹುದೂರದಿಂದ ಕಾಣದಿದ್ದರೆ ಕಂಬ ನಿಲ್ಲಿಸಿ ಫಲವಿಲ್ಲ.

ಊರನ್ನು ಅನುಭವಿಸುವ ಬಗೆಯಲ್ಲಿಯೂ ನಮ್ಮ ಮುನಿಗಳಿಂದ ಕಲಿಯುವುದುಂಟು. ಮುನಿಗಳು ಊರನ್ನು ಬರಿಗಾಲಿನಲ್ಲಿ ಪ್ರವೇಶಿಸುತ್ತಾರೆ. ಈರ್ಯಾಸಮಿತಿಯಂತೆ ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಜೀವಬಾಧೆಯಾಗದಂತೆ ನಡೆಯುತ್ತಾರೆ. ಆಹಾರಕ್ಕೆ ಹೊರಟಾಗ ಶ್ರಾವಕ ದಂಪತಿಗಳು ಬಾಗಿಲಲ್ಲಿ ನಿಂತು ಪ್ರತಿಗ್ರಹಣ ಮಾಡಬೇಕು. ಇದು ನಡೆಯಬೇಕಾದರೆ ಬೀದಿ ನಡೆಯಲು ಯೋಗ್ಯವಾಗಿರಬೇಕು, ಮನೆ ಬೀದಿಗೆ ಮುಖ ಮಾಡಿರಬೇಕು, ಮನೆಯಂಗಳದಲ್ಲಿ ನಿಂತವರು ಬರುವವರಿಗೆ ಕಾಣಬೇಕು. ಮೂಡಬಿದಿರೆಯಂತಹ ಊರಿನಲ್ಲಿ ಹದಿನೆಂಟು ಬಸದಿಗಳೂ ಶ್ರಾವಕರ ಮನೆಗಳೂ ಹತ್ತಿರಹತ್ತಿರವೇ ಇರುವುದು ಈ ಕಾರಣದಿಂದ ಬಹಳ ಅನುಕೂಲ. ಮೂರು ಅಂತಸ್ತಿನ ಮನೆಗಳ ಕೆಳಗೆ ಮೋಟಾರು ನಿಲ್ಲಿಸುವ ಜಾಗವೇ ಮುಖವಾಗಿರುವ ಹೊಸ ಬಡಾವಣೆಗಳಲ್ಲಿ ಪ್ರತಿಗ್ರಹಣಕ್ಕೆ ನಿಲ್ಲುವುದೆಲ್ಲಿ ಎಂದು ಶ್ರಾವಿಕೆಯರು ಕೇಳುವುದುಂಟು. ಪ್ರಶ್ನೆ ಸಣ್ಣದಲ್ಲ.

ಇಷ್ಟನ್ನು ಹೇಳಿದ ಮೇಲೆ ಇಂದಿನ ಜೀರ್ಣೋದ್ಧಾರ ಕಾರ್ಯಗಳನ್ನು ಕುರಿತು ಒಂದೆರಡು ಮಾತು ಹೇಳದಿದ್ದರೆ ಕರ್ತವ್ಯಲೋಪವಾದೀತು. ಸಮಾಜದ ದಾನಿಗಳ ಔದಾರ್ಯದಿಂದ ಅನೇಕ ಊರುಗಳಲ್ಲಿ ಬಸದಿಗಳು ಹೊಸದಾಗುತ್ತಿವೆ, ಇದು ಪುಣ್ಯಕಾರ್ಯ. ಆದರೆ ಅನೇಕ ಕಡೆ ಮೊದಲು ಏಳುವುದು ಎತ್ತರದ ಸುತ್ತುಗೋಡೆ ಮತ್ತು ಕಬ್ಬಿಣದ ಗೇಟು. ಕಳ್ಳತನದ ಭಯ ನಿಜವಾದದ್ದು, ವಿಗ್ರಹಚೋರರ ಹಾವಳಿಯನ್ನು ಯಾರೂ ಅಲ್ಲಗಳೆಯಲಾರರು. ಗರ್ಭಗೃಹಕ್ಕೆ ಎಷ್ಟು ಭದ್ರತೆ ಬೇಕಾದರೂ ಮಾಡಲಿ. ಆದರೆ ಆಳೆತ್ತರ ಮೀರಿದ ಗೋಡೆಯಿಂದ ಮಾನಸ್ತಂಭದ ಅಡಿಯೂ ಕಾಣದಂತೆ ಮಾಡಿ, ದಿನದ ಬಹುಭಾಗ ಬೀಗ ಹಾಕಿಟ್ಟರೆ, ಪಕ್ಕದ ಬೀದಿಯ ಮಕ್ಕಳಿಗೆ ಆ ಗೋಡೆಯ ಆಚೆ ಏನಿದೆಯೆಂದೇ ತಿಳಿಯದೆ ಹೋಗುತ್ತದೆ. ನಾವು ಅಲ್ಪಸಂಖ್ಯಾತರು, ಊರೊಂದರಲ್ಲಿ ನಾಲ್ಕೈದು ಮನೆಗಳವರು ಮಾತ್ರ ಉಳಿದಿರುವ ಕಡೆ ಬಸದಿಯನ್ನು ಹಗಲಿರುಳೂ ಕಾಯುವವರು ಕಾವಲುಗಾರನಿಗಿಂತ ಹೆಚ್ಚಾಗಿ ನೆರೆಹೊರೆಯವರೇ. 1368ರಲ್ಲಿ ತಾತಯ್ಯನಿಗೆ ಒಪ್ಪಿಸಿದ ಹೊಣೆಯನ್ನು ಇಂದು ಅವರು ಹೊರಬೇಕಾದರೆ ಬಸದಿಯು ಅವರ ಕಣ್ಣಿಗೆ ಬೀಳಬೇಡವೆ?

ಹಳೆಯವರು ಬಸದಿಯ ಮುಂದೆ ಜಗಲಿಯನ್ನು ಬಿಡುತ್ತಿದ್ದರು. ಸಂತೆಗೆ ಬಂದವನು ಗಂಟನ್ನಿಳಿಸಿ ಅಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದನು; ಅವನು ಶ್ರಾವಕನೇ ಆಗಿರಬೇಕಾಗಿರಲಿಲ್ಲ. ಜೀರ್ಣೋದ್ಧಾರದ ನಕ್ಷೆ ತಯಾರಿಸುವಾಗ ಸಮಿತಿಗಳು ಆ ಜಗಲಿಯನ್ನು ಉಳಿಸಿಕೊಳ್ಳಲಿ; ಇಲ್ಲದಿದ್ದರೆ ಹೊಸದಾಗಿ ಮಾಡಿಸಲಿ. ಪಕ್ಕದಲ್ಲಿ ಸೋಸಿದ ಕುಡಿಯುವ ನೀರಿನ ವ್ಯವಸ್ಥೆಯಿರಲಿ. ಗೋಡೆ ಬೇಕೇ ಬೇಕೆಂದಾದರೆ ಎದೆಮಟ್ಟದವರೆಗೆ ಕಲ್ಲು, ಮೇಲೆ ಜಾಲಂಧ್ರ ಸಾಕು. ಶಾಸನಶಿಲೆಯಿರುವ ಕಡೆ ಅದನ್ನು ಸಿಮೆಂಟಿನಲ್ಲಿ ಹೂಳದೆ, ಬಣ್ಣ ಬಳಿಯದೆ, ಅದರ ಸಾರಾಂಶವನ್ನು ತಿಳಿಗನ್ನಡದಲ್ಲಿ ಬರೆಸಿದ ಫಲಕವೊಂದನ್ನು ಬೀದಿಯಿಂದಲೇ ಓದಲಾಗುವಂತೆ ನಿಲ್ಲಿಸಬೇಕು. ಚಾಮರಾಜನಗರಕ್ಕೆ ಬೆಳೆ ಮಾರಲು ಬಂದು ಬೆಲೆ ಕುಸಿದು ಬರಿಗೈಯಲ್ಲಿ ಮರಳುವ ರೈತನೊಬ್ಬನು, ಬಿತ್ತಲು ಬೀಜವಿಲ್ಲದವನಿಗೆ ಬೀಜ ಕೊಟ್ಟ ಪುಣಿಸನ ಸಂಗತಿಯನ್ನು ಆ ಫಲಕದಲ್ಲಿ ನಿಂತು ಓದಲಿ.